ಅವಲಂಬಿತರ ಕಾಲಂ

ಮುಂಡಗೋಡಿನ ರಾಜಶ್ರೀ ಟೀಚರ್ ಹಳಿಯಾಳದ ಲೋಕೇಶನ ಅಂಗಡಿಗೆ ಬಂದದ್ದು ಒಂಬತ್ತು ಪುಟದ ಕರಾರುಪತ್ರವೊಂದನ್ನು ಪ್ರಿಂಟ್ ಹಾಕಿಸಿಕೊಳ್ಳಲು. ಪ್ರಿಂಟ್ ಮುಂಡಗೋಡಿನಲ್ಲೂ ಸಿಗುತ್ತಿತ್ತು. ಆದರೆ ಲೋಕೇಶನ ಹೆಂಡತಿ ಪೂರ್ಣಿಮಾ ಮೂರು ವರ್ಷಗಳಿಂದ ಮಾಲ್ಡೀವ್ಸಿನ ಒಂದು ದ್ವೀಪದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ರಾಜಶ್ರೀಗೆ ಈಗ ನೌಕರಿ ಸಿಕ್ಕಿದ್ದೂ ಅದೇ ಶಾಲೆಯಲ್ಲಿ. ಕಾಗದದಲ್ಲಿ ತಿಳಿಯದ್ದನ್ನು ಕೇಳಿಕೊಳ್ಳಬಹುದು ಎಂದು ಆಕೆ ಮುಂಜಾನೆಯ ಬಸ್ಸು ಹತ್ತಿ ಬಂದಿದ್ದಳು.

ಲೋಕೇಶನದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಆನ್‌ಲೈನ್ ಸೆಂಟರ್. ಹೊಲದ ಉತಾರ, ರೇಷನ್ ಕಾರ್ಡಿನ ತಿದ್ದುಪಡಿ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಎಲ್ಲ ಅಲ್ಲಿ ಆಗುತ್ತಿತ್ತು. ಇಂಗ್ಲಿಷ್ ಅರ್ಜಿಗೆ ಹೆದರುವವರೆಲ್ಲ ಅವನ ಹತ್ತಿರ ಬರುತ್ತಿದ್ದರು.

“ಅಣ್ಣಾರ, ಈ ಹನ್ನೊಂದನೇ ಕಲಮು ಒಂದೀಟು ನೋಡ್ರಿ” ಎಂದಳು ರಾಜಶ್ರೀ. “ನಮ್ಮ ಮನ್ಯಾವ್ರಿಗೂ ಟಿಕೇಟು ಕೊಡ್ತಾರಂತ ಬರದಂಗೈತಿ. ಖರೇನ ಕೊಡ್ತಾರೇನ್ರಿ, ಇಲ್ಲಾ ಬರೇ ಕಾಗದದ ಮ್ಯಾಗೋ?”

ಲೋಕೇಶ ಓದಿದ. ಹೊರದೇಶದಿಂದ ಬರುವ ಶಿಕ್ಷಕರಿಗೆ ಶಾಲೆ ಏನೇನು ಭರಿಸುತ್ತದೆ ಎಂಬ ವಿವರ ಅದರಲ್ಲಿತ್ತು. ವೀಸಾ, ಕೆಲಸದ ಪರವಾನಗಿ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ವಿಮಾನದ ಟಿಕೆಟ್, ರಾಜಧಾನಿ ಮಾಲೆಯಿಂದ ದ್ವೀಪದವರೆಗಿನ ಬೋಟಿನ ಖರ್ಚು, ಆರೋಗ್ಯ ವಿಮೆ, ಇರಲು ಮನೆ. ಇದೆಲ್ಲ ಅವನಿಗೆ ಗೊತ್ತಿದ್ದದ್ದೇ. ಅದರ ಕೆಳಗಿನ ಸಾಲು ಗೊತ್ತಿರಲಿಲ್ಲ. ಮದುವೆಯಾದ ಶಿಕ್ಷಕರಾದರೆ ಗಂಡ ಅಥವಾ ಹೆಂಡತಿಗೂ ಇವೆಲ್ಲ ಸಿಗುತ್ತವೆ. ಒಂಟಿ ಕೋಣೆಯ ಬದಲು ಎರಡು ಕೋಣೆಯ ಮನೆ ಸಿಗುತ್ತದೆ. ಅವಲಂಬಿತರ ಹೆಸರನ್ನು ಕೆಳಗಿನ ಕಾಲಂನಲ್ಲಿ ತುಂಬಬೇಕು.

ಅವನು ಆ ಸಾಲನ್ನು ಎರಡನೇ ಸಲ ಓದಿದ.

“ಕೊಡ್ತಾರರಿ” ಎಂದ.

“ನೀವೂ ಹೋಗಿ ಬಂದಿರಬೇಕಲ್ರಿ ಹಂಗಾರ? ಅಕ್ಕಾರು ಹೋಗಿ ಮೂರು ವರ್ಷ ಆತು.”

“ನನಗೆಲ್ಲಿ ಪುರಸೊತ್ತರಿ. ಅಂಗಡಿ ಬಿಟ್ಟು ಹೋಗಾಕ ಆಗೂದಿಲ್ಲ.”

ರಾಜಶ್ರೀ ಖುಷಿಯಿಂದ ಗಂಡ ಮಹಾಬಳೇಶ್ವರನ ಹೆಸರು, ಹುಟ್ಟಿದ ದಿನಾಂಕ ಎಲ್ಲ ಹೇಳಿ ಕಾಲಂ ತುಂಬಿಸಿಕೊಂಡು ಹೋದಳು. ಲೋಕೇಶ ಒಂದು ಪ್ರತಿಯನ್ನು ತನಗೆಂದು ಇಟ್ಟುಕೊಂಡ. ಇದು ಹೊಸದಾಗಿ ಬಂದ ನಿಯಮ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ನಿಯಮ ಜಾರಿಗೆ ಬಂದ ವರ್ಷ ಇತ್ತು. ಪೂರ್ಣಿಮಾ ಅಲ್ಲಿಗೆ ಹೋಗುವುದಕ್ಕಿಂತ ಮೂರು ವರ್ಷ ಹಿಂದಿನದು.

ಹೋದ ಹೊಸದರಲ್ಲಿ ಅವಳು ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಶಾಲೆಯವರು ತನಗೊಬ್ಬಳಿಗೇ ಕೊಡುತ್ತಾರೆ, ಹೆಣ್ಣುಮಕ್ಕಳ ಕ್ವಾರ್ಟರ್ಸು, ಗಂಡಸರನ್ನು ಒಳಗೆ ಬಿಡುವುದಿಲ್ಲ ಎಂದಿದ್ದಳು. ಆಮೇಲೆ ಅವನು ಆ ಮಾತೆತ್ತಿರಲಿಲ್ಲ.

ಸಂಜೆ ಎಂದಿನ ಹೊತ್ತಿಗೆ ಅವಳ ಫೋನು ಬಂತು. ಅತ್ತೆಯ ಮಂಡಿನೋವು ಕೇಳಿದಳು, ಪರೀಕ್ಷೆ ಪೇಪರು ತಿದ್ದುತ್ತಿದ್ದೇನೆ ಎಂದಳು. ಲೋಕೇಶ ಮಾತಿನ ನಡುವೆ ಸುಮ್ಮನೆ ಎಂಬಂತೆ ಕೇಳಿದ.

“ಈ ಸಲ ನಾನ ಅಲ್ಲಿಗೆ ಬಂದ್ರ ಹೆಂಗ? ಶಾಲಿಯವ್ರು ಟಿಕೇಟು ಕೊಡ್ತಾರೇನು?”

“ನನಗ ಕೊಡೂದಿಲ್ಲರಿ” ಎಂದಳು ಪೂರ್ಣಿಮಾ. “ಜೂನಿಗೆ ನಾನ ಬರ್ತೇನಲ್ಲ.”

ಫೋನಿಟ್ಟ ಮೇಲೆ ಅವನು ಆ ಮಾತನ್ನೇ ಹಿಂದೆ ಮುಂದೆ ಹೊರಳಿಸಿ ನೋಡಿದ. ಕೊಡುವುದಿಲ್ಲ ಎನ್ನಲಿಲ್ಲ, ನನಗೆ ಕೊಡುವುದಿಲ್ಲ ಎಂದಳು. ಬೇರೆಯವರಿಗೆ ಕೊಡುತ್ತಾರೆಂದು ಅವಳಿಗೆ ಗೊತ್ತಿದೆ. ಹಾಗಾದರೆ ಇವಳಿಗೆ ಯಾಕಿಲ್ಲ? ಅಥವಾ ಕೊಡುತ್ತಾರೆ, ಆ ಟಿಕೆಟ್ಟಿನಲ್ಲಿ ಬೇರೆ ಯಾರೋ ಓಡಾಡುತ್ತಿದ್ದಾರೆಯೇ? ಹಾಗೆ ಯೋಚಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೂ ಬಂದ ಯೋಚನೆ ಹೋಗಲಿಲ್ಲ. ಕಳೆದ ವರ್ಷ ಅವಳು ಊರಿಗೆ ಬಂದಾಗ ಮಂಗಳಸೂತ್ರ ಪರ್ಸಿನಲ್ಲಿತ್ತು, ಕೊರಳಲ್ಲಿರಲಿಲ್ಲ. ಉಪ್ಪುಗಾಳಿಗೆ ಕೊರಳು ತುರಿಸುತ್ತದೆ ಎಂದಿದ್ದಳು. ಆಗ ಅದು ಸರಿಯೆಂದು ತೋರಿತ್ತು.

ಎರಡು ದಿನ ಬಿಟ್ಟು ಅವನು ದಾಂಡೇಲಿಗೆ ಹೋದ. ಅಲ್ಲಿ ಹಸನಸಾಬರ ಗ್ಯಾರೇಜಿತ್ತು. ಅವರ ಮಗಳು ಶಬನಮ ಪೂರ್ಣಿಮಾಳ ಜೊತೆಗೇ ಆ ದ್ವೀಪಕ್ಕೆ ಹೋಗಿ, ಒಂದೇ ಕೋಣೆಯಲ್ಲಿ ಎರಡು ವರ್ಷವಿದ್ದು ವಾಪಸು ಬಂದವಳು. ಈಗ ಗ್ಯಾರೇಜಿನ ಮೇಲಿನ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದಳು. ಲೋಕೇಶನನ್ನು ಕಂಡು ನಗುತ್ತ ಕುರ್ಚಿ ಹಾಕಿದಳು, ಚಹಾ ತಂದಳು. ಅವನು ಕರಾರುಪತ್ರದ ಆ ಪುಟವನ್ನು ಮುಂದಿಟ್ಟ ಕೂಡಲೇ ನಗು ಹೋಯಿತು.

“ಇದು ಪೂರ್ಣಿಮಾಗ ಯಾಕ ಸಿಕ್ಕಿಲ್ಲ, ನಿಮಗ ಗೊತ್ತಿರಬೇಕಲ್ಲ?”

“ಅದನ್ನ ಪೂರ್ಣಿಮಾ ಟೀಚರಿಗೇ ಕೇಳ್ರಿ ಭಾಯ್.”

“ನಿಮಗ ಗೊತ್ತೈತಿ ಅಂದಂಗಾತು.”

ಶಬನಮ ಕಾಗದ ಮಡಿಚಿ ಅವನ ಕಡೆ ಸರಿಸಿದಳು. “ಟೀಚರ್ ಅಲ್ಲಿ ಅಗದೀ ನೆಟ್ಟಗ ಇದ್ರು. ಶಾಲಿ, ಕೋಣಿ, ಸಂಜೀಕ ಸಮುದ್ರದ ದಂಡೀಮ್ಯಾಗ ಒಂದು ಸುತ್ತು. ಮಿಸ್ ಪೂರ್ಣಿಮಾ ಬಂದ್ರು ಅಂದ್ರ ಹುಡುಗ್ರು ಗಡಿಯಾರ ನೋಡ್ತಿದ್ರು, ಅಷ್ಟು ಟೈಮಿಗೆ ಸರಿ.”

“ಮಿಸ್?”

ಆಕೆ ತುಟಿ ಕಚ್ಚಿಕೊಂಡಳು. “ಅಲ್ಲಿ ಎಲ್ಲಾರಿಗೂ ಹಂಗ ಅಂತಾರು” ಎಂದು ಲೋಟ ಎತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಕೆಳಗೆ ಹಸನಸಾಬರು ಎಣ್ಣೆ ಕೈಯನ್ನು ಅರಿವೆಗೆ ಒರೆಸಿಕೊಳ್ಳುತ್ತ ಅವನ ಮುಖ ನೋಡಿದರು. “ಏನರ ಇದ್ರ ಹೆಂಡ್ತೀನ್ನ ಕೇಳಪಾ. ಊರ ಮಂದೀಗೆ ಕೇಳಬ್ಯಾಡ” ಎಂದರು. ಮಗಳು ಮೇಲೆ ಆಡಿದ ಮಾತು ಅವರ ಕಿವಿಗೂ ಬಿದ್ದಿರಬೇಕು. ಎಲ್ಲರಿಗೂ ಗೊತ್ತಿದ್ದು ತನಗೊಬ್ಬನಿಗೇ ಗೊತ್ತಿಲ್ಲದ್ದು ಏನೋ ಇದೆ ಎಂದು ಲೋಕೇಶನಿಗೆ ಖಾತ್ರಿಯಾಯಿತು.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಪೂರ್ಣಿಮಾಳ ಮೇಲ್ ತೆರೆದ. ಅದನ್ನು ಮಾಡಿಕೊಟ್ಟವನೇ ಅವನು, ಪಾಸ್‌ವರ್ಡ್ ಗೊತ್ತಿತ್ತು. ಇಲ್ಲಿಯವರೆಗೆ ಒಮ್ಮೆಯೂ ಒಳಗೆ ಇಣುಕಿರಲಿಲ್ಲ. ಗಂಡಸಿನ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕಿದ. ಸಿಕ್ಕವರು ಮಕ್ಕಳ ತಂದೆಯರು, ಬ್ಯಾಂಕಿನವರು. ಕೊನೆಗೆ ಮೂರು ವರ್ಷ ಹಿಂದಿನ ಒಂದು ಪತ್ರ ಕಂಡಿತು. ಶಾಲೆಯ ಕಚೇರಿಯಿಂದ ಬಂದದ್ದು. ನಮ್ಮ ದಾಖಲೆಯ ಪ್ರಕಾರ ನೀವು ಅವಿವಾಹಿತರು, ಅವಲಂಬಿತರು ಯಾರೂ ಇಲ್ಲ, ಆದ್ದರಿಂದ ಒಂಟಿ ಶಿಕ್ಷಕಿಯರ ಕ್ವಾರ್ಟರ್ಸ್ ಕೊಡಲಾಗಿದೆ, ತಪ್ಪಿದ್ದರೆ ತಿಂಗಳೊಳಗೆ ತಿಳಿಸಿ ಎಂದಿತ್ತು. ಅದಕ್ಕೆ ಪೂರ್ಣಿಮಾ ಉತ್ತರ ಬರೆದಿದ್ದಳು. ಒಂದೇ ಸಾಲು. ಧನ್ಯವಾದಗಳು.

ಬಹಳ ಹೊತ್ತು ಅವನು ಆ ಒಂದು ಸಾಲನ್ನು ನೋಡುತ್ತ ಕುಳಿತ. ಗಂಡಸಿನ ಹೆಸರು ಸಿಕ್ಕಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ಈ ಪತ್ರದಲ್ಲಿ ಗಂಡನಾದ ಅವನೇ ಇರಲಿಲ್ಲ.

ಆ ಸಿಟ್ಟಿನಲ್ಲೇ ತನ್ನ ಮೇಲ್‌ನಿಂದ ಶಾಲೆಗೆ ಬರೆದ. ಪೂರ್ಣಿಮಾ ತನ್ನ ಧರ್ಮಪತ್ನಿ, ಮದುವೆಯಾಗಿ ಆರು ವರ್ಷವಾಯಿತು, ನಿಮ್ಮ ದಾಖಲೆಯಲ್ಲಿ ಅವಿವಾಹಿತೆ ಎಂದಿದೆ, ಈ ಸುಳ್ಳನ್ನು ಯಾಕೆ ಹೇಳಲಾಯಿತು ಎಂದು ವಿಚಾರಿಸಬೇಕು. ಮದುವೆಯ ನೋಂದಣಿ ಪತ್ರವನ್ನೂ ಫೋಟೋವನ್ನೂ ಸ್ಕ್ಯಾನ್ ಮಾಡಿ ಹಚ್ಚಿದ. ಕಳಿಸಿದ ಮೇಲೆ ಎದೆ ಹಗುರಾದಂತಾಯಿತು. ಎದುರಿನ ಅಂಗಡಿಗೆ ಹೋಗಿ ಚಹಾ ಕುಡಿದ. ಚಹಾ ಮುಗಿಯುವುದರೊಳಗೆ ಆ ಹಗುರ ಹೋಗಿತ್ತು.

ಎರಡು ಸಂಜೆ ಫೋನು ಬರಲಿಲ್ಲ. “ಯಾಕ ಪೂರ್ಣಿ ಮಾತಾಡಿಲ್ಲ?” ಎಂದು ಅವನ ತಾಯಿ ದ್ರಾಕ್ಷಾಯಣಿ ಎರಡು ಸಲ ಕೇಳಿದಳು. ಮೂರನೆಯ ಸಂಜೆ ಬಂತು.

“ಮೇಲ್ ನೀವ ಕಳಿಸಿದ್ರಿ?” ಪೂರ್ಣಿಮಾಳ ದನಿ ತಗ್ಗಿತ್ತು.

“ಹೂಂ.”

“ನನ್ನ ಕೇಳಬಹುದಿತ್ತು.”

“ಕೇಳಿದ್ನಲ್ಲ. ಖರೇ ಹೇಳಿದಿ?”

“ಸುಳ್ಳು ಮಾಹಿತಿ ಕೊಟ್ಟೀರಿ ಅಂತ ನೋಟೀಸು ಕೊಟ್ಟಾರ. ಏಳು ದಿನದಾಗ ಉತ್ತರ ಕೊಡಬೇಕು, ಇಲ್ಲಾಂದ್ರ ಕರಾರು ರದ್ದು” ಎಂದಳು. ಆಮೇಲೆ, “ಅರ್ಜಿ ತುಂಬಿದವ್ರು ಯಾರು, ನೆನಪೈತೇನ್ರಿ?”

ಫೋನು ಕಟ್ಟಾಯಿತು. ಲೋಕೇಶ ಕಂಪ್ಯೂಟರಿನಲ್ಲಿ ಹಳೆಯ ಕಡತಗಳನ್ನು ತೆರೆದ. ಮೂರು ವರ್ಷದ ಹಿಂದಿನ ಅರ್ಜಿಗಳು ಅಲ್ಲೇ ಇದ್ದವು. ಅರ್ಜಿಗೆ ಅಂದು ಕೊನೆಯ ದಿನ, ಸರ್ವರ್ ಕೈಕೊಡುತ್ತಿತ್ತು. ಮೊದಲು ಶಬನಮಳ ಅರ್ಜಿಯನ್ನು ತುಂಬಿದ್ದ. ಅದರದೇ ಒಂದು ನಕಲು ಮಾಡಿ ಹೆಸರು, ವಿಳಾಸ, ಪದವಿ, ಪಾಸ್‌ಪೋರ್ಟ್ ಸಂಖ್ಯೆ ಬದಲಿಸಿ ಪೂರ್ಣಿಮಾಳ ಅರ್ಜಿ ಮಾಡಿದ್ದ. ಎರಡನೇ ಪುಟವನ್ನು ಮುಟ್ಟಿಯೇ ಇರಲಿಲ್ಲ. ಅಲ್ಲಿ ಶಬನಮಳಿಗೆ ಸರಿಯಾಗಿದ್ದ ಅವಿವಾಹಿತೆ ಎಂಬ ಮಾತು ಪೂರ್ಣಿಮಾಳಿಗೂ ಹಾಗೇ ಉಳಿದಿತ್ತು. ಅವಲಂಬಿತರು ಯಾರೂ ಇಲ್ಲ. ಅವಳ ಪಾಸ್‌ಪೋರ್ಟು ಮದುವೆಗೆ ಮೊದಲು ಮಾಡಿಸಿದ್ದು, ಅದರಲ್ಲಿ ತಂದೆಯ ಹೆಸರಿತ್ತು. ಯಾರಿಗೂ ಸಂಶಯ ಬಂದಿರಲಿಕ್ಕಿಲ್ಲ. ಸಹಿ ಪೂರ್ಣಿಮಾಳದು. ಓದದೇ ಮಾಡಿದ ಸಹಿ. ಓದಬ್ಯಾಡ, ಟೈಮಿಲ್ಲ, ನಾ ನೋಡೇನಿ ಎಂದು ತಾನೇ ಹೇಳಿದ್ದೂ ಈಗ ನೆನಪಾಯಿತು.

ಶಬನಮ ಯಾಕೆ ಒಳಗೆ ಹೋದಳೆಂದು ತಿಳಿಯಿತು. ಮನೆಗೆ ಬಂದವನ ತಪ್ಪನ್ನು ಅವನ ಮುಖದ ಮೇಲೆ ಹೇಳಲು ಆಗದೆ ಹೋಗಿದ್ದಳು.

ಮರುದಿನ ಅವನು ಮತ್ತೆ ದಾಂಡೇಲಿಗೆ ಹೋಗಿ ಶಬನಮಳ ಅರ್ಜಿಯ ಪ್ರತಿಯನ್ನು ಶಾಲೆಗೆ ತೋರಿಸಲು ಒಪ್ಪಿಗೆ ಕೇಳಿದ. ಆಕೆ ಸಹಿ ಹಾಕಿಕೊಟ್ಟಳು. ಅರ್ಜಿ ತುಂಬಿದ್ದು ನಾನು, ಬೇರೊಬ್ಬರ ಅರ್ಜಿಯ ನಕಲು ಮಾಡಿ ತಪ್ಪೆಸಗಿದ್ದೇನೆ, ನನ್ನ ಹೆಂಡತಿ ನನ್ನನ್ನು ನಂಬಿ ಓದದೆ ಸಹಿ ಮಾಡಿದ್ದಾಳೆ ಎಂದು ಲೋಕೇಶ ತನ್ನ ಅಂಗಡಿಯ ಹೆಸರಿನ ಕಾಗದದಲ್ಲೇ ಬರೆದು ಶಿಕ್ಕಾ ಒತ್ತಿ ಕಳಿಸಿದ. ಶಾಲೆ ಹತ್ತು ದಿನ ತಡೆದು, ಪೂರ್ಣಿಮಾಳಿಗೆ ಎಚ್ಚರಿಕೆ ಪತ್ರ ಕೊಟ್ಟು ನೌಕರಿ ಉಳಿಸಿತು. ಆ ಹತ್ತು ದಿನ ಗಂಡಹೆಂಡಿರ ನಡುವೆ ಬೇಕಾದಷ್ಟೇ ಮಾತು.

ಆದರೆ ಸಂಶಯ ಪೂರ್ತಿ ಹೋಗಲಿಲ್ಲ. ತಪ್ಪು ತನ್ನದೇ, ಸರಿ. ತಿಂಗಳೊಳಗೆ ತಿಳಿಸಿ ಎಂದು ಶಾಲೆಯವರು ಕೇಳಿದ್ದರಲ್ಲ. ಧನ್ಯವಾದಗಳು ಎಂದು ಬರೆದವಳು ಅವಳು.

ಜೂನ್ ರಜೆಗೆ ಅವಳು ಗೋವಾಕ್ಕೆ ಬಂದಿಳಿದಳು. ಲೋಕೇಶ ತನ್ನ ಹಳೇ ಕಾರು ತೆಗೆದುಕೊಂಡು ಹೋಗಿದ್ದ. ಕಾರವಾರದವರೆಗೆ ಇಬ್ಬರೂ ಟ್ರಾಫಿಕ್ಕು, ಮಳೆ, ಅತ್ತೆಯ ಮಂಡಿ ಅಂತ ಮಾತಾಡಿದರು. ಅಣಶಿ ಘಾಟಿನಲ್ಲಿ ಅವಳು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದಳು. ಜೋಯಿಡಾ ದಾಟಿ ಸೂಪಾ ಅಣೆಕಟ್ಟಿನ ಹತ್ತಿರ ಬಂದಾಗ ಅವನು ರಸ್ತೆಯ ಬದಿಗೆ ಕಾರು ನಿಲ್ಲಿಸಿದ.

“ಒಂದು ಮಾತು ಕೇಳ್ತೇನಿ. ಮನ್ಯಾಗ ಕೇಳಾಕ ಆಗೂದಿಲ್ಲ.”

“ಕೇಳ್ರಿ.”

“ಅಲ್ಲಿ ಬ್ಯಾರೆ ಯಾರರ ಅದಾರೇನು?”

ಪೂರ್ಣಿಮಾ ಅವನ ಕಡೆ ತಿರುಗಿದಳು. ಸಿಟ್ಟು ಬಂದಂತೆ ಕಾಣಲಿಲ್ಲ, ದಣಿದಂತೆ ಕಂಡಳು. “ಇಲ್ಲ. ಇಲ್ಲ ಅಂದ್ರ ನಂಬ್ತೀರೋ ಇಲ್ಲೋ ಗೊತ್ತಿಲ್ಲ. ಮೇಲ್ ಪಾಸ್‌ವರ್ಡು ನಾ ಇನ್ನೂ ಬದ್ಲಿ ಮಾಡಿಲ್ಲ. ಬೇಕಂದ್ರ ದಿನಾ ತಗದು ನೋಡ್ರಿ.”

“ಮತ್ತ ಯಾಕ ತಿದ್ದಿಸಲಿಲ್ಲ?”

“ಮೊದ್ಲ ತಿಂಗಳ ಗೊತ್ತಾತು. ಹೇಳಿದ್ರ ನಿಮಗ ಬ್ಯಾಸರ ಆಕೈತಿ, ಊರಾಗ ಅಂಗಡಿ ಹೆಸರು ಕೆಡತೈತಿ ಅಂತ ಸುಮ್ನಾದೆ. ಅದು ನಿಮ್ಮ ಸಲುವಾಗಿ. ಆಮ್ಯಾಲಿಂದು ನನ್ನ ಸಲುವಾಗಿ.” ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಟ್ಟಳು. “ಅಲ್ಲಿ ಯಾರೂ ನನ್ನ ಹೊಟ್ಟಿ ನೋಡಿ ಮಾತಾಡ್ಸೂದಿಲ್ಲರಿ.”

ಲೋಕೇಶ ಸ್ಟೇರಿಂಗು ಹಿಡಿದು ಕುಳಿತ.

“ಮಕ್ಕಳಾಗ್ಲಿ ಅಂತ ಅತ್ತಿಯವ್ರು ಅಮಾಸಿಗೊಮ್ಮೆ ಉಳವಿ ಗುಡಿಗೆ ಕರ್ಕೊಂಡು ಹೋಗ್ತಿದ್ರು. ಹೋಗೂದಕ್ಕ ಬ್ಯಾಸರಿಲ್ಲ, ದೇವರು ಎಲ್ಲಾರಿಗೂ ಬೇಕು. ಬಸ್ಸಿನಾಗ ಕುಂತ ಮಂದಿಗೆಲ್ಲಾ ಯಾಕ ಹೊಂಟೇವಿ ಅಂತ ಹೇಳ್ತಿದ್ರು. ಬರಬೇಕಾದ್ರ ಆ ಮಂದಿ ನನಗ ಔಷಧ ಹೇಳ್ತಿದ್ರು. ನೀವು ಎದುರಿಗೇ ಇರ್ತಿದ್ರಿ. ಒಂದಿನಾನೂ ಸಾಕು ಬಿಡವ್ವ ಅನ್ನಲಿಲ್ಲ.” ಅವಳು ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದಳು. “ಹುಬ್ಬಳ್ಳಿ ಡಾಕ್ಟರು ನನ್ನೆಲ್ಲಾ ಪರೀಕ್ಷೆ ಮಾಡಿ, ಇನ್ನ ನಿಮ್ಮ ಯಜಮಾನ್ರು ಬರ್ಲಿ ಅಂದ್ರು. ನೀವು ಹೋಗಲಿಲ್ಲ. ಅಂಗಡಿ ಐತಿ ಅಂದ್ರಿ.”

“ಅಷ್ಟಕ್ಕ ಲಗ್ನ ಆಗಿಲ್ಲ ಅಂತ ಇದ್ಬಿಡೂದು?”

“ತಪ್ಪು. ತಪ್ಪಲ್ಲ ಅನ್ನೂದಿಲ್ಲ. ಬೆಳಿಗ್ಗೆ ಎದ್ರ ಶಾಲಿ, ಸಂಜೀಕ ಕೋಣಿ, ಕೇಳವ್ರಿಲ್ಲ. ಹಂಗ ಮೂರು ವರ್ಷ ಹೋದ್ವು.”

ಅವನು ಕಾರು ಚಾಲೂ ಮಾಡಿದ.

ಮೂರು ವಾರದ ರಜೆಯಲ್ಲಿ ಎರಡು ಸಂಗತಿ ನಡೆದವು. ಅಮಾವಾಸ್ಯೆಯ ಹಿಂದಿನ ದಿನ ದ್ರಾಕ್ಷಾಯಣಿ ಸೊಸೆಗೆ ಉಳವಿಗೆ ತಯಾರಾಗಲು ಹೇಳಿದಳು. “ಈ ಸಲ ನಾನು ನೀನು ಇಬ್ರ ಹೋಗೂಣು ಅವ್ವ” ಎಂದ ಲೋಕೇಶ. “ಹರಕಿ ಇದ್ರ ನನ್ನ ಹೆಸರಿಲೇ ಹೊರು. ಡಾಕ್ಟರು ನನ್ನನ್ನೂ ನೋಡಬೇಕು ಅಂದಾರ.” ತಾಯಿ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಅಕ್ಕಿ ಆರಿಸುವ ಮೊರ ತೆಗೆದುಕೊಂಡು ಹಿತ್ತಲಿಗೆ ಹೋದಳು. ಆ ಅಮಾವಾಸ್ಯೆಗೆ ಉಳವಿಗೆ ಯಾರೂ ಹೋಗಲಿಲ್ಲ.

ಇನ್ನೊಂದು, ಶಾಲೆಯಿಂದ ಪೂರ್ಣಿಮಾಳ ಹೊಸ ಕರಾರುಪತ್ರ ಬಂತು. ಅವಳು ಅಂಗಡಿಗೆ ಬಂದು ಗಿರಾಕಿಗಳ ಸರದಿ ಮುಗಿಯುವವರೆಗೆ ಬೆಂಚಿನ ಮೇಲೆ ಕುಳಿತು ಪ್ರಿಂಟ್ ತೆಗೆಸಿಕೊಂಡಳು. ಒಂಬತ್ತು ಪುಟವನ್ನೂ ಒಂದೊಂದಾಗಿ ಓದಿದಳು. ಅವಲಂಬಿತರ ಕಾಲಂನಲ್ಲಿ ತಾನೇ ಪೆನ್ನಿನಿಂದ ಅವನ ಹೆಸರು ಬರೆದಳು. ಲೋಕೇಶ ಅದನ್ನು ನೋಡಿ ನಕ್ಕ. ಅವಳು ನಗಲಿಲ್ಲ.

“ಟಿಕೇಟು, ಬೋಟಿನ ಖರ್ಚು, ವೀಸಾ, ಎಲ್ಲಾ ಶಾಲಿಯವ್ರು ಕೊಡ್ತಾರ” ಎಂದಳು ಮೆಲ್ಲಗೆ. “ಬರ್ರಿ ಅಂತ ಮಾತ್ರ ನಾ ಹೇಳಬೇಕು. ಅದಕ್ಕ ನನಗ ಇನ್ನೊಂದಿಷ್ಟು ದಿನ ಬೇಕು.”

ಅವಳು ಹೋದಳು. ಅದೇ ವಿಮಾನದಲ್ಲಿ ರಾಜಶ್ರೀ ಮತ್ತು ಮಹಾಬಳೇಶ್ವರ ಕೂಡ ಹೋದರು. ಲೋಕೇಶ ಹುಬ್ಬಳ್ಳಿಗೆ ಎರಡು ಸಲ ಹೋಗಿಬಂದ. ಪೂರ್ಣಿಮಾಳ ಮೇಲ್ ತೆರೆಯಬೇಕೆಂದು ಕೈ ಹೋದ ದಿನಗಳಿದ್ದವು. ಒಂದು ದಿನ ಫೋನು ಬರುವುದು ಅರ್ಧ ಗಂಟೆ ತಡವಾದಾಗ ತೆರೆದೂ ಬಿಟ್ಟ. ಹೊಸ ಪತ್ರ ಏನೂ ಇರಲಿಲ್ಲ. ಅವಳ ಫೋನು ಬಂದ ಕೂಡಲೇ ಅದನ್ನೂ ಹೇಳಿದ.

“ಇವತ್ತ ನಿನ್ನ ಮೇಲ್ ತಗದು ನೋಡಿದೆ.”

“ಏನಿತ್ತು?”

“ಏನಿಲ್ಲ.”

“ಹೂಂ” ಎಂದಳು. “ಹೇಳಿದ್ದು ಚಲೋ ಆತು. ಪಾಸ್‌ವರ್ಡು ಇವತ್ತ ಬದ್ಲಿ ಮಾಡ್ತೇನಿ.” ಮಾಡಿದಳು. ಅವನು ಹೊಸದನ್ನು ಕೇಳಲಿಲ್ಲ.

ನವೆಂಬರಿನಲ್ಲಿ ಅವಳೇ ಹೇಳಿದಳು. “ಟಿಕೇಟಿಗೆ ಆಫೀಸಿನಾಗ ಬರದು ಕೊಟ್ಟೇನಿ. ಹದಿನೈದು ದಿನಕ್ಕ ಬರ್ರಿ.”

ದ್ವೀಪದ ಜೆಟ್ಟಿಯಲ್ಲಿ ಬೋಟು ನಿಂತಾಗ ಪೂರ್ಣಿಮಾ ಛತ್ರಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ, ಕೇರಳದ ಹಿರಿಯ ಹೆಂಗಸು. ಪೂರ್ಣಿಮಾ ಇಂಗ್ಲಿಷಿನಲ್ಲಿ, ಇವರು ನನ್ನ ಗಂಡ ಎಂದು ಪರಿಚಯಿಸಿದಳು. ಆಕೆ ಲೋಕೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗೊತ್ತು, ನಿಮ್ಮ ಎರಡೂ ಪತ್ರ ಓದಿದ್ದೇನೆ ಎಂದಳು. ಲೋಕೇಶ ತಲೆ ತಗ್ಗಿಸಿದ.

ಮನೆ ಎರಡು ಕೋಣೆಯದು. ಒಂದರಲ್ಲಿ ಅವಳ ಪುಸ್ತಕ, ಮೇಜು, ಮಂಚ. ಇನ್ನೊಂದರಲ್ಲಿ ಹೊಸ ಹಾಸಿಗೆ ಹಾಕಿದ್ದಳು, ತಲೆದಿಂಬಿನ ಮೇಲೆ ಮಡಿಚಿದ ಟವೆಲ್. ಚೀಲ ಎಲ್ಲಿಡಲಿ ಎಂದು ಅವನು ಕೇಳಲಿಲ್ಲ, ಆ ಕೋಣೆಯಲ್ಲೇ ಇಟ್ಟ. ಅವಳು ಅವಲಕ್ಕಿ ಒಗ್ಗರಣೆ ಮಾಡಿ ತಂದು, ಎದುರಿಗೆ ನೆಲದ ಮೇಲೆ ಕುಳಿತಳು.

“ಹುಬ್ಬಳ್ಳಿ ಡಾಕ್ಟರು ಏನಂದ್ರು?” ಎಂದಳು. “ಫೋನಿನಾಗ ಅರ್ಧಾ ಹೇಳಿದ್ರಿ.”

ಲೋಕೇಶ ತಟ್ಟೆ ಕೆಳಗಿಟ್ಟ. ತೊಂದರೆ ತನ್ನಲ್ಲೇ ಇದೆಯಂತೆ, ಔಷಧ ಶುರು ಮಾಡಿದ್ದಾರೆ, ಆದೀತು ಎಂದೂ ಆಗಲಿಕ್ಕಿಲ್ಲ ಎಂದೂ ಹೇಳಿಲ್ಲ ಎಂದ. ಅವ್ವನಿಗೂ ಹೇಳಿದ್ದೇನೆ ಎಂದ.

“ಅತ್ತಿಯವ್ರು ಏನಂದ್ರು?”

“ಏನೂ ಅನ್ನಲಿಲ್ಲ. ನಿನಗ ಕೊಡು ಅಂತ ಶೇಂಗಾ ಚಟ್ನಿ ಕಳಿಸ್ಯಾಳ.”

ಪೂರ್ಣಿಮಾ ಎದ್ದು ಅವನ ಚೀಲ ಬಿಚ್ಚಿ ಚಟ್ನಿಯ ಡಬ್ಬಿ ಹುಡುಕತೊಡಗಿದಳು.